ಕಾರ್ಸನ್ ಪಾಮರ್ ಮತ್ತು ಸಿನ್ಸಿನಾಟಿ ಬೆಂಗಾಲ್ಸ್: ಹೊಸಿಲು ತುಳಿಯೆನೆಂದ ಆಟಗಾರನ ಹೆಸರು ಆ ಗೋಡೆಯ ಮೇಲೆ ಇರಬೇಕೇ?

ಓಹಾಯೋ ನಿವಾಸಿ (ಚರ್ಚೆ ಆರಂಭಿಸಿದವರು):

ಅಮೆರಿಕನ್ ಫುಟ್‌ಬಾಲ್ ನೋಡುವ ಎಲ್ಲ ಮಿತ್ರರಿಗೂ ನಮಸ್ಕಾರ. ಸಿನ್ಸಿನಾಟಿಯ ಉತ್ತರಕ್ಕಿರುವ ಬಡಾವಣೆಯೊಂದರಲ್ಲಿ ನಾನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ವಾಸವಾಗಿದ್ದೇನೆ. ಇಲ್ಲಿನ ಬೆಂಗಾಲ್ಸ್ ತಂಡವು ತನ್ನ ಹಳೆಯ ಆಟಗಾರರಿಗಾಗಿ 2021ರಲ್ಲಿ ‘ರಿಂಗ್ ಆಫ್ ಆನರ್’ ಎಂಬ ಗೌರವಪಟ್ಟಿಯನ್ನು ಆರಂಭಿಸಿತು. ಆಯ್ಕೆಯಾದವರ ಹೆಸರು ಕ್ರೀಡಾಂಗಣದೊಳಗೆ ಎಲ್ಲರಿಗೂ ಕಾಣುವಂತೆ ಇರುತ್ತದೆ. ಇಡೀ ಸೀಸನ್ನಿನ ಟಿಕೆಟ್ ಕೊಂಡವರು ಇದಕ್ಕೆ ಮತ ಹಾಕುತ್ತಾರೆ. 2024ರಲ್ಲಿ ಕೋರಿ ಡಿಲನ್ ಹೆಸರು ಅಲ್ಲಿ ಸೇರಿತು. ಈ ತಂಡಕ್ಕೆ ಆಡುವುದಕ್ಕಿಂತ ಹೋಟೆಲಿನಲ್ಲಿ ಬರ್ಗರ್ ಮಗುಚುವುದೇ ಮೇಲು ಎಂದಿದ್ದವರು ಅದೇ ಡಿಲನ್. ಆದರೆ ಎಂಟು ವರ್ಷ ಇಲ್ಲಿ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ತಂಡದ ದಾಳಿಯನ್ನು ನಡೆಸುವ ಆಟಗಾರ, ಆಗಿದ್ದ ಕಾರ್ಸನ್ ಪಾಮರ್ ಅವರ ಹೆಸರು 2025ರವರೆಗೂ ಆ ಪಟ್ಟಿಗೆ ಬಂದಿಲ್ಲ. ಬರಬೇಕು ಎಂಬುದು ನನ್ನ ಅಭಿಪ್ರಾಯ. ಏಕೆ ಎಂಬುದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಒಪ್ಪದವರು ದಯವಿಟ್ಟು ಕಾರಣ ಕೊಟ್ಟು ಬರೆಯಬೇಕು.

ಪಾಮರ್ ಬರುವ ಮೊದಲು ಈ ತಂಡದ ಸ್ಥಿತಿ ಹೇಗಿತ್ತೆಂದು ನೆನಪಿಸಿಕೊಳ್ಳಿ. ಸ್ಥಾಪಕರಾದ ಪಾಲ್ ಬ್ರೌನ್ 1991ರಲ್ಲಿ ತೀರಿಕೊಂಡ ಮೇಲೆ ಆಡಳಿತ ಮಗ ಮೈಕ್ ಬ್ರೌನ್ ಅವರ ಕೈಗೆ ಬಂತು. ಅಂದಿನಿಂದ 2002ರವರೆಗಿನ ಹನ್ನೆರಡು ಸೀಸನ್‌ಗಳಲ್ಲಿ ತಂಡ ಗೆದ್ದದ್ದು 55 ಪಂದ್ಯ, ಸೋತದ್ದು 137. ಆ ಅವಧಿಯಲ್ಲಿ ಒಂದು ಸೀಸನ್ನಿನಲ್ಲಾದರೂ ಸೋಲಿಗಿಂತ ಗೆಲುವು ಹೆಚ್ಚಾಗಲಿಲ್ಲ. 2002ರಲ್ಲಂತೂ ಹದಿನಾರು ಪಂದ್ಯಗಳಲ್ಲಿ ಎರಡೇ ಗೆಲುವು. ಎಲ್ಲರಿಗಿಂತ ಕೆಳಗಿದ್ದ ಕಾರಣ 2003ರ ಡ್ರಾಫ್ಟ್‌ನಲ್ಲಿ (ಕಾಲೇಜು ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ವ್ಯವಸ್ಥೆ) ಮೊದಲ ಆಯ್ಕೆ ಇವರ ಪಾಲಿಗೆ ಬಂತು, ಕಾಲೇಜು ಫುಟ್‌ಬಾಲಿನ ಶ್ರೇಷ್ಠ ಆಟಗಾರನಿಗೆ ಕೊಡುವ ಹೈಸ್ಮನ್ ಪ್ರಶಸ್ತಿ ಪಡೆದು ಕಾಲೇಜಿನಿಂದ ಹೊರಬರುತ್ತಿದ್ದ ಪಾಮರ್ ಇವರ ಮನೆಗೆ ಬಂದರು. ಅದೇ ವರ್ಷ ಮಾರ್ವಿನ್ ಲೂಯಿಸ್ ಕೋಚ್ ಆದರು. ಎರಡು ವರ್ಷ ಎಂಟು ಗೆಲುವು, ಎಂಟು ಸೋಲು. ಮೂರನೆಯ ವರ್ಷ, ಅಂದರೆ 2005ರಲ್ಲಿ, ಪಾಮರ್ ಇಡೀ ಲೀಗಿನಲ್ಲೇ (ಎನ್‌ಎಫ್‌ಎಲ್) ಅತಿ ಹೆಚ್ಚು, 32 ಟಚ್‌ಡೌನ್ ಪಾಸ್ (ನೇರವಾಗಿ ಅಂಕ ತರುವ ಎಸೆತ) ಎಸೆದರು. ತಂಡ 11 ಪಂದ್ಯ ಗೆದ್ದು ತನ್ನ ವಿಭಾಗದ ಮೊದಲ ಸ್ಥಾನಕ್ಕೆ ಏರಿತು. ಡಿಸೆಂಬರಿನಲ್ಲಿ ಅವರು ಒಪ್ಪಂದವನ್ನು 2014ರವರೆಗೆ ವಿಸ್ತರಿಸಿ ಸಹಿ ಹಾಕಿದರು. ಈ ಸಹಿಯ ವಿಷಯ ಮುಂದೆ ಬಹಳ ಮುಖ್ಯವಾಗುತ್ತದೆ.

2006ರ ಜನವರಿ 8. ಹದಿನೈದು ವರ್ಷಗಳ ನಂತರ ನಮ್ಮ ತಂಡಕ್ಕೆ ಪ್ಲೇಆಫ್ (ಸೀಸನ್ನಿನ ಕೊನೆಯ ನಾಕೌಟ್ ಹಂತ) ಪಂದ್ಯ, ಎದುರಾಳಿ ಪಿಟ್ಸ್‌ಬರ್ಗ್ ಸ್ಟೀಲರ್ಸ್. ನಾನು ಮೇಲಿನ ಅಂತಸ್ತಿನಲ್ಲಿ ಕುಳಿತಿದ್ದೆ, ಪಕ್ಕದ ಸೀಟಿನಲ್ಲಿ ಹಿರಿಯರೊಬ್ಬರು ಮೊಮ್ಮಗನಿಗೆ ಹಳೆಯ ತಂಡದ ಕಥೆ ಹೇಳುತ್ತಿದ್ದರು. ಪಾಮರ್ ಎಸೆದ ಮೊದಲ ಪಾಸ್ ಬಹಳ ಉದ್ದವಾಗಿ ಹೋಗಿ ಕ್ರಿಸ್ ಹೆನ್ರಿಯ ಕೈಸೇರಿತು, 66 ಗಜ. ಕ್ರೀಡಾಂಗಣವೆಲ್ಲ ಎದ್ದುನಿಂತು ಚೆಂಡಿನ ಕಡೆಗೇ ನೋಡುತ್ತ ಕೂಗುತ್ತಿತ್ತು. ಹಿಂದೆ ಏನಾಗಿದೆ ಎಂದು ಯಾರೂ ನೋಡಿರಲಿಲ್ಲ. ಆ ಹಿರಿಯರು ನನ್ನ ತೋಳು ಹಿಡಿದು ಬೆರಳು ತೋರಿಸಿದಾಗ ನಾನು ತಿರುಗಿ ನೋಡಿದೆ. ಪಾಮರ್ ಬೆನ್ನ ಮೇಲೆ ಬಿದ್ದು ಎಡಮಂಡಿಯನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದರು. ಎಸೆದ ಕ್ಷಣದಲ್ಲೇ ಸ್ಟೀಲರ್ಸ್‌ನ ಕೀಮೊ ವಾನ್ ಓಲ್‌ಹಾಫನ್ ಆ ಮಂಡಿಗೆ ಬಂದು ಬಡಿದಿದ್ದರು. ಕೂಗು ಒಂದು ಕಡೆಯಿಂದ ಇನ್ನೊಂದು ಕಡೆಗೆ ಅಲೆಯಂತೆ ನಿಂತುಹೋಯಿತು. ಗಾಡಿ ಬಂದು ಅವರನ್ನು ಕರೆದೊಯ್ಯುವವರೆಗೂ ನಮ್ಮ ಸಾಲಿನಲ್ಲಿ ಯಾರೂ ಕುಳಿತುಕೊಳ್ಳಲಿಲ್ಲ. ಬದಲಿಗೆ ಬಂದ ಜಾನ್ ಕಿಟ್ನಾ ಹೋರಾಡಿದರು, ಒಮ್ಮೆ 17-7ರ ಮುನ್ನಡೆಯೂ ಇತ್ತು, ಕೊನೆಗೆ 31-17ರಲ್ಲಿ ಸೋತೆವು. ಮಂಡಿಯ ಎರಡು ಅಸ್ಥಿಬಂಧಗಳು ಹರಿದಿದ್ದವು. ಕ್ವಾರ್ಟರ್‌ಬ್ಯಾಕ್‌ಗಳ ಮಂಡಿಗೆ ರಕ್ಷಣೆ ಕೊಡಲು ಲೀಗು ಮುಂದಿನ ಸೀಸನ್ನಿಗೆ ನಿಯಮವನ್ನೇ ಬಿಗಿಗೊಳಿಸಿತು.

ಅಷ್ಟು ದೊಡ್ಡ ಪೆಟ್ಟು ತಿಂದವರು ಎಂಟು ತಿಂಗಳೊಳಗೆ ಮತ್ತೆ ಮೈದಾನಕ್ಕೆ ಬಂದು ಆ ಸೀಸನ್ನಿನಲ್ಲಿ ಪಾಸ್‌ಗಳಿಂದಲೇ 4,000 ಗಜ ದಾಟಿದರು. ಹೀಗಿರುವಾಗ ಐದು ವರ್ಷದ ಬಳಿಕ, 2011ರ ಜನವರಿಯಲ್ಲಿ, ನನ್ನನ್ನು ಬೇರೆ ತಂಡಕ್ಕೆ ಕಳುಹಿಸಿ, ಇಲ್ಲವಾದರೆ ಆಟವನ್ನೇ ಬಿಡುತ್ತೇನೆ ಎಂದು ಇವರೇ ಹೇಳುತ್ತಾರೆಂದರೆ, ಮನುಷ್ಯ ಎಷ್ಟು ಬೇಸತ್ತಿರಬೇಕು?

ಬೆಂಗಳೂರಿನ ಓದುಗ:

ತಮ್ಮ ಬರಹಕ್ಕೆ ಧನ್ಯವಾದಗಳು ಸರ್. ಈ ಆಟವನ್ನು ಇತ್ತೀಚೆಗೆ ನೋಡಲು ಆರಂಭಿಸಿದವನು ನಾನು, ಆದ್ದರಿಂದ ಒಂದು ಮೂಲಭೂತ ಪ್ರಶ್ನೆ. ನಮ್ಮ ಐಪಿಎಲ್‌ನಲ್ಲಿ ತಂಡ ಸರಿಹೊಂದದಿದ್ದರೆ ಆಟಗಾರ ಮುಂದಿನ ಹರಾಜಿಗೆ ಹೋಗುವ ದಾರಿಯಾದರೂ ಇರುತ್ತದೆ. ಪಾಮರ್ ಅವರಿಗೆ ಅಂಥ ದಾರಿ ಇರಲಿಲ್ಲವೇ? ಆಟ ಬಿಡುತ್ತೇನೆ ಎಂಬಷ್ಟು ಕಠಿಣ ಮಾತು ಏಕೆ ಬೇಕಾಯಿತು?

ಓಹಾಯೋ ನಿವಾಸಿ:

ಒಳ್ಳೆಯ ಪ್ರಶ್ನೆ. ಇರಲಿಲ್ಲ. ಇಲ್ಲಿ ಕಾಲೇಜಿನಿಂದ ಬರುವ ಹುಡುಗನಿಗೆ ತಂಡವನ್ನು ಆರಿಸಿಕೊಳ್ಳುವ ಹಕ್ಕಿಲ್ಲ. ಹಿಂದಿನ ವರ್ಷ ಅತ್ಯಂತ ಕೆಟ್ಟದಾಗಿ ಆಡಿದ ತಂಡ ಅತ್ಯುತ್ತಮ ಹುಡುಗನನ್ನು ಮೊದಲು ಕರೆದುಕೊಳ್ಳುತ್ತದೆ. ತಂಡಗಳ ನಡುವೆ ಸಮತೋಲನ ತರುವ ಉದ್ದೇಶ ಒಳ್ಳೆಯದೇ, ಆದರೆ ಆಡಳಿತ ಸರಿಯಿಲ್ಲದ ಮನೆಗೆ ವರ್ಷ ವರ್ಷವೂ ಒಳ್ಳೆಯ ಹುಡುಗರು ಹೋಗಿ ಸೇರುತ್ತಾರೆ. ಅವರ ಮೊದಲ ಒಪ್ಪಂದ ಮುಗಿಯುವ ಮುನ್ನವೇ ತಂಡ ಹೆಚ್ಚಿನ ಹಣ ಕೊಟ್ಟು ದೀರ್ಘ ಒಪ್ಪಂದಕ್ಕೆ ಸಹಿ ಹಾಕಿಸಿಕೊಳ್ಳುತ್ತದೆ. 2011ರಲ್ಲಿ ಪಾಮರ್ ಅವರ ಒಪ್ಪಂದ ಇನ್ನೂ ನಾಲ್ಕು ಸೀಸನ್ ಬಾಕಿ ಇತ್ತು. ನಿವೃತ್ತಿ ಹೇಳಿ ಮನೆಯಲ್ಲಿ ಕುಳಿತರೂ ಆ ನಾಲ್ಕು ಸೀಸನ್‌ಗಳು ಸವೆಯುವುದಿಲ್ಲ, ಹಕ್ಕು ತಂಡದ ಬಳಿಯೇ ಉಳಿಯುತ್ತದೆ, ಯಾವಾಗ ಹಿಂತಿರುಗಿದರೂ ಅದೇ ಬಾಗಿಲಿಗೇ ಬರಬೇಕು. ಆದ್ದರಿಂದ ಅವರ ಕೈಯಲ್ಲಿ ಉಳಿದಿದ್ದದ್ದು ತಮ್ಮ ಆಟವನ್ನು ತಡೆಹಿಡಿಯುವುದೊಂದೇ. ಆ ವರ್ಷದ ಸುಮಾರು 11.5 ಮಿಲಿಯನ್ ಡಾಲರ್ ಸಂಬಳ ಬಿಡಲು ಅವರು ಸಿದ್ಧರಾದರು. ಊರಿನ ಮನೆಯನ್ನು ಮಾರಾಟಕ್ಕಿಟ್ಟರು. ಪಾಲ್ ಬ್ರೌನ್ ಕ್ರೀಡಾಂಗಣದ ಹೊಸಿಲನ್ನು ಇನ್ನೆಂದೂ ತುಳಿಯುವುದಿಲ್ಲ ಎಂದು ಆಪ್ತರಲ್ಲಿ ಹೇಳಿದರೆಂದು ಇಲ್ಲಿನ ಟಿವಿ ವಾಹಿನಿಯಲ್ಲಿ ವರದಿಯಾಯಿತು.

ಮೈಸೂರಿನ ನಿವೃತ್ತ ವಕೀಲ:

ಚರ್ಚೆ ಏಕಮುಖವಾಗಬಾರದೆಂದು ಬರೆಯುತ್ತಿದ್ದೇನೆ. ಮಗಳ ಮನೆಗೆಂದು ಓಹಾಯೋಗೆ ಹೋಗಿ ಬರುತ್ತಾ ಈ ತಂಡವನ್ನು ನಾನೂ ಬಹಳ ವರ್ಷಗಳಿಂದ ನೋಡಿದ್ದೇನೆ. ಮೈಕ್ ಬ್ರೌನ್ ಅವರನ್ನು ಖಳನಾಯಕನಂತೆ ಚಿತ್ರಿಸುವುದು ನ್ಯಾಯವಲ್ಲ.

ಅವರು ಹೇಳಿದ ಮಾತಿನ ಸಾರ ಇಷ್ಟೇ: ಪಾಮರ್ ಸಹಿ ಹಾಕಿದ್ದಾರೆ, ಮಾತು ಕೊಟ್ಟಿದ್ದಾರೆ, ಆ ಮಾತನ್ನು ನಂಬಿ ನಾವು ತಂಡ ಕಟ್ಟಿದ್ದೇವೆ, ಮಾತು ಮುರಿದವರಿಗೆ ಬಹುಮಾನ ಕೊಡುವುದಿಲ್ಲ. ಹಾರ್ವರ್ಡ್‌ನಲ್ಲಿ ಕಾನೂನು ಓದಿದ ವ್ಯಕ್ತಿಯಿಂದ ಬೇರೇನನ್ನು ನಿರೀಕ್ಷಿಸಬಹುದು? ಸಂಬಳ ಏರುವಾಗ ಒಪ್ಪಂದ ಪವಿತ್ರ, ತಂಡ ಸೋಲುವಾಗ ಬರಿಯ ಕಾಗದ ಎನ್ನುವುದಾದರೆ ಯಾವ ವ್ಯವಸ್ಥೆಯೂ ನಿಲ್ಲುವುದಿಲ್ಲ. 

ಇನ್ನೊಂದು ಸಂಗತಿಯನ್ನು ಯಾರೂ ಗಮನಿಸುವುದಿಲ್ಲ. ತಂದೆ ಪಾಲ್ ಬ್ರೌನ್ ಮೊದಲು ಕಟ್ಟಿದ ತಂಡ ಕ್ಲೀವ್‌ಲೆಂಡ್ ಬ್ರೌನ್ಸ್. ಆ ತಂಡಕ್ಕೆ ಅವರ ಹೆಸರೇ ಇದೆ. ಆಟದ ಚಿತ್ರೀಕರಣವನ್ನು ಕೂತು ಅಭ್ಯಾಸ ಮಾಡುವ ಪದ್ಧತಿಯನ್ನು ಬೆಳೆಸಿದವರಲ್ಲಿ ಅವರೇ ಅಗ್ರಗಣ್ಯರು. ಅಂಥವರನ್ನು 1963ರ ಜನವರಿಯಲ್ಲಿ ಹೊಸ ಮಾಲೀಕ ಆರ್ಟ್ ಮೊಡೆಲ್ ಕೆಲಸದಿಂದ ತೆಗೆದುಹಾಕಿದರು. ತಂದೆ ತಾನು ಕಟ್ಟಿದ ಮನೆಯಿಂದಲೇ ಹೊರಹಾಕಲ್ಪಟ್ಟದ್ದನ್ನು ಮಗ ತಾರುಣ್ಯದಲ್ಲಿ ಕಣ್ಣಾರೆ ಕಂಡಿದ್ದಾರೆ. 1968ರಲ್ಲಿ ಬೆಂಗಾಲ್ಸ್ ಆರಂಭವಾದಾಗಿನಿಂದ ಆ ಕುಟುಂಬ ಹಿಡಿತವನ್ನು ಸಡಿಲಿಸದೇ ಇರುವುದಕ್ಕೆ ಆ ಗಾಯವೇ ಕಾರಣವೆಂದು ನಾನು ತಿಳಿದಿದ್ದೇನೆ. ಇತರ ಅನೇಕ ಮಾಲೀಕರಿಗೆ ಬೇರೆ ಬೇರೆ ಉದ್ಯಮಗಳಿವೆ, ಇವರಿಗೆ ಫುಟ್‌ಬಾಲೇ ಜೀವನೋಪಾಯ.

ಫಲಿತಾಂಶವನ್ನೂ ನೋಡಿ. 2011ರ ಡ್ರಾಫ್ಟ್‌ನಲ್ಲಿ ಪಾಸ್ ಹಿಡಿಯುವ ಎ.ಜೆ. ಗ್ರೀನ್ ಮತ್ತು ಹೊಸ ಕ್ವಾರ್ಟರ್‌ಬ್ಯಾಕ್ ಆ್ಯಂಡಿ ಡಾಲ್ಟನ್ ಅವರನ್ನು ತಂದರು, ಪಾಮರ್ ಇಲ್ಲದೆಯೇ ಪ್ಲೇಆಫ್ ತಲುಪಿದರು. ಅಕ್ಟೋಬರ್ 18ರಂದು, ತಂಡಗಳ ನಡುವೆ ಆಟಗಾರರ ವಿನಿಮಯಕ್ಕಿದ್ದ ಗಡುವಿನ ದಿನವೇ, ಓಕ್‌ಲೆಂಡ್ ರೇಡರ್ಸ್ ತಂಡದಿಂದ ಮುಂದಿನ ಡ್ರಾಫ್ಟ್‌ಗಳ ಒಂದು ಮೊದಲ ಸುತ್ತಿನ ಆಯ್ಕೆ ಮತ್ತು ಒಂದು ಎರಡನೆಯ ಸುತ್ತಿನ ಆಯ್ಕೆಯನ್ನು ಪಡೆದು ಪಾಮರ್ ಅವರನ್ನು ಬಿಟ್ಟುಕೊಟ್ಟರು. ಹಠ ಹಿಡಿದವರಿಗೆ ಲಾಭವಾಯಿತು, ಓಡಿಹೋದವರಿಗೆ ರೇಡರ್ಸ್‌ನಲ್ಲಿ ಏನೂ ದಕ್ಕಲಿಲ್ಲ.

ಕೊಲಂಬಸ್ ನಗರದ ಓದುಗಳು:

ವಕೀಲರೇ, ತಾವು ಹಿರಿಯರು. 1963ರ ಗಾಯದ ಬಗ್ಗೆ ತಾವು ಬರೆದದ್ದನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಕೊಟ್ಟ ಮಾತಿನ ವಿಷಯದಲ್ಲಿ ತಮ್ಮ ವಾದ ಒಂದು ಕಾಲಿನ ಮೇಲೆ ನಿಂತಿದೆ.

ಈ ಲೀಗಿನ ಒಪ್ಪಂದದಲ್ಲಿ ಬಹುಪಾಲು ಹಣಕ್ಕೆ ಖಾತರಿ ಇರುವುದಿಲ್ಲ. ಆಟಗಾರ ಬಿಟ್ಟುಹೋಗುವಂತಿಲ್ಲ, ತಂಡ ಮಾತ್ರ ಬೇಕೆಂದಾಗ ಅವನನ್ನು ಕೈಬಿಡಬಹುದು. ಬೆಂಗಾಲ್ಸ್‌ನಲ್ಲೇ ನಡೆದ ಉದಾಹರಣೆ ಕೊಡುತ್ತೇನೆ. ವಿಲೀ ಆ್ಯಂಡರ್ಸನ್ 1996ರಿಂದ ಆ ತಂಡದ ಬಲಗಡೆಯ ಕಾವಲಿಗೆ ನಿಂತವರು. ಸೋಲಿನ ಮೇಲೆ ಸೋಲು ಬಂದ ವರ್ಷಗಳಲ್ಲೂ ದುಡಿದವರು, ಪಾಮರ್ ಅವರ ಮೈಗೆ ಏಟು ಬೀಳದಂತೆ ತಡೆದವರು. 2008ರ ಆಗಸ್ಟ್ ಕೊನೆಯಲ್ಲಿ, ಸೀಸನ್ ಆರಂಭಕ್ಕೆ ಒಂದು ವಾರ ಬಾಕಿ ಇರುವಾಗ, ಸಂಬಳ ಕಡಿಮೆ ಮಾಡಿಕೊಳ್ಳಿ ಎಂದು ತಂಡ ಕೇಳಿತು. ಅವರು ಒಪ್ಪಲಿಲ್ಲ. ತಂಡ ಅವರನ್ನು ಕೈಬಿಟ್ಟಿತು. ಅವರ ಒಪ್ಪಂದಕ್ಕೂ ಎರಡೂ ಕಡೆಯ ಸಹಿ ಇತ್ತಲ್ಲವೇ? ಹನ್ನೆರಡು ವರ್ಷ ತಮ್ಮ ಪಕ್ಕದಲ್ಲಿ ನಿಂತವರನ್ನು ಹೀಗೆ ಕಳುಹಿಸಿದ ಮನೆಯು ಮೂರು ವರ್ಷದ ನಂತರ ಮಾತಿನ ಪಾವಿತ್ರ್ಯದ ಬಗ್ಗೆ ಪಾಮರ್ ಅವರಿಗೆ ಹೇಳಿದರೆ ಅವರಿಗೆ ಹೇಗೆ ಕೇಳಿಸಿರಬೇಕು ಎಂದು ಯೋಚಿಸಿ. ಕಾನೂನಿನ ಪ್ರಕಾರ ತಂಡ ಮಾಡಿದ್ದು ತಪ್ಪಲ್ಲ, ನಿಜ. ಅದೇ ಕಾನೂನಿನ ಪ್ರಕಾರ ನಿವೃತ್ತಿ ಹೇಳಿ ಸಂಬಳವಿಲ್ಲದೆ ಮನೆಯಲ್ಲಿ ಕೂರುವುದೂ ತಪ್ಪಲ್ಲ.

ಲಾಭದ ಲೆಕ್ಕವನ್ನೂ ಸ್ವಲ್ಪ ನಿಧಾನವಾಗಿ ನೋಡೋಣ. 2011ರ ಅಕ್ಟೋಬರ್ 8ರಂದು ರೇಡರ್ಸ್‌ನ ಮಾಲೀಕ ಅಲ್ ಡೇವಿಸ್ ತೀರಿಕೊಂಡರು. ಮರುವಾರ ಅವರ ಕ್ವಾರ್ಟರ್‌ಬ್ಯಾಕ್ ಜೇಸನ್ ಕ್ಯಾಂಪ್‌ಬೆಲ್ ಅವರ ಕತ್ತುಪಟ್ಟಿಯ ಮೂಳೆ ಮುರಿಯಿತು. ಕೋಚ್ ಹ್ಯೂ ಜಾಕ್ಸನ್ ಪಾಮರ್ ಅವರಿಗೆ ಕಾಲೇಜಿನಲ್ಲೂ ಸಿನ್ಸಿನಾಟಿಯಲ್ಲೂ ಪರಿಚಿತರು. ಈ ಮೂರೂ ಒಂದೇ ವೇಳೆಗೆ ಕೂಡಿಬಂದದ್ದರಿಂದ ಆ ಬೆಲೆ ಸಿಕ್ಕಿತು. ಕೂಡಿಬರದಿದ್ದರೆ ಏನಾಗುತ್ತಿತ್ತೆಂಬುದಕ್ಕೆ ಇದೇ ತಂಡದಲ್ಲಿ ಪಾಸ್ ಹಿಡಿಯುತ್ತಿದ್ದ ಚಾಡ್ ಜಾನ್ಸನ್ ಪ್ರಕರಣವಿದೆ. 2008ರಲ್ಲಿ ಅವರಿಗಾಗಿ ವಾಷಿಂಗ್ಟನ್ ತಂಡ ಮೊದಲ ಸುತ್ತಿನ ಆಯ್ಕೆಯನ್ನು ಒಳಗೊಂಡ ಕೊಡುಗೆ ಮುಂದಿಟ್ಟಿತ್ತು, ಬ್ರೌನ್ ನಿರಾಕರಿಸಿದರು. ಮೂರು ವರ್ಷ ಕಳೆದು ಅದೇ ಆಟಗಾರನಿಗೆ ಬಂದದ್ದು ಐದನೆಯ ಮತ್ತು ಆರನೆಯ ಸುತ್ತಿನ ಆಯ್ಕೆಗಳು. ಹಠ ಒಂದೇ, ಫಲ ಬೇರೆ.

ಬೆಂಗಳೂರಿನ ಓದುಗ:

ಆಡಳಿತ ಸರಿಯಿಲ್ಲ ಎಂದು ಎಲ್ಲರೂ ಬರೆಯುತ್ತಿದ್ದೀರಿ. ನಿರ್ದಿಷ್ಟವಾಗಿ ಏನು ಸರಿ ಇರಲಿಲ್ಲ? ಸೋತ ತಂಡಗಳೆಲ್ಲ ಕೆಟ್ಟ ಆಡಳಿತದ ತಂಡಗಳೆಂದು ಹೇಳಲಾಗದು.

ಓಹಾಯೋ ನಿವಾಸಿ:

ಸರಿಯಾದ ಮಾತು, ಸೋಲನ್ನು ಬದಿಗಿಟ್ಟೇ ಹೇಳುತ್ತೇನೆ.

ಬೇರೆ ಬಹುಪಾಲು ತಂಡಗಳಲ್ಲಿ ಆಟಗಾರರನ್ನು ಆರಿಸಲು, ಒಪ್ಪಂದ ಮಾಡಲು ಜನರಲ್ ಮ್ಯಾನೇಜರ್ ಎಂಬ ವೃತ್ತಿಪರ ಅಧಿಕಾರಿ ಇರುತ್ತಾರೆ. ಇಲ್ಲಿ ಮಾಲೀಕರೇ ಆ ಕೆಲಸವನ್ನೂ ಇಟ್ಟುಕೊಂಡರು. ಮಗಳು ಮತ್ತು ಮಗ ಆಡಳಿತದಲ್ಲಿದ್ದರು. ಕಾಲೇಜು ಕಾಲೇಜಿಗೆ ಹೋಗಿ ಹುಡುಗರನ್ನು ನೋಡಿ ಬರುವ ಸ್ಕೌಟ್‌ಗಳ ಸಂಖ್ಯೆ ಲೀಗಿನಲ್ಲೇ ಅತ್ಯಂತ ಕಡಿಮೆ ಇದ್ದ ತಂಡಗಳಲ್ಲಿ ಇದೂ ಒಂದು. ಪಾಲ್ ಬ್ರೌನ್ ಕಾಲದಲ್ಲಿ ಅಷ್ಟು ಜನ ಸಾಕಾಗುತ್ತಿದ್ದರು, ಏಕೆಂದರೆ ನೋಡುತ್ತಿದ್ದ ಕಣ್ಣು ಪಾಲ್ ಬ್ರೌನ್ ಅವರದ್ದು. ಅಪ್ಪ ನೆಟ್ಟ ಆಲದ ಮರವೆಂದು ಅದಕ್ಕೇ ಜೋತುಬೀಳಬಾರದು ಎಂದು ನಮ್ಮ ಹಿರಿಯರು ಹೇಳುವುದನ್ನು ಇಲ್ಲಿ ನಾನು ಬಹಳ ಸಲ ನೆನೆದಿದ್ದೇನೆ.

ಆಟಗಾರರಿಗೆ ದಿನವೂ ಕಣ್ಣಿಗೆ ಬೀಳುತ್ತಿದ್ದ ಕೊರತೆ ಇನ್ನೊಂದು. ಡಿಸೆಂಬರಿನಲ್ಲಿ ಇಲ್ಲಿ ನದಿಯ ಮೇಲಿಂದ ಬೀಸುವ ಗಾಳಿಗೆ ಬೆರಳು ಮಡಚಲಾಗುವುದಿಲ್ಲ. ಪ್ಲೇಆಫ್‌ಗೆ ತಯಾರಾಗುವ ತಿಂಗಳು ಅದೇ. ಉತ್ತರದ ಚಳಿ ಊರುಗಳ ತಂಡಗಳು ಬಹುಪಾಲು ಒಳಾಂಗಣ ಅಭ್ಯಾಸದ ವ್ಯವಸ್ಥೆ ಮಾಡಿಕೊಂಡಿದ್ದಾಗಲೂ ಬೆಂಗಾಲ್ಸ್ ಆಟಗಾರರು ಹವಾಮಾನ ಕೆಟ್ಟ ದಿನ ಬಸ್ ಹತ್ತಿ ಸಿನ್ಸಿನಾಟಿ ವಿಶ್ವವಿದ್ಯಾಲಯಕ್ಕೆ ಹೋಗಬೇಕಿತ್ತು. ತಂಡಕ್ಕೆ ಸ್ವಂತ ಒಳಾಂಗಣ ಬಂದದ್ದು 2022ರಲ್ಲಿ. ಇನ್ನೊಂದೆಡೆ, ಪಂದ್ಯ ನಡೆಯುವ ಕ್ರೀಡಾಂಗಣಕ್ಕಾಗಿ ಹ್ಯಾಮಿಲ್ಟನ್ ಕೌಂಟಿಯ ಮತದಾರರು 1996ರಲ್ಲೇ ತಮ್ಮ ಮೇಲೆ ಡಾಲರಿಗೆ ಅರ್ಧ ಸೆಂಟ್ ಮಾರಾಟ ತೆರಿಗೆ ಹಾಕಿಕೊಳ್ಳಲು ಒಪ್ಪಿದ್ದರು. ನಾವು ದಿನಸಿ ಅಂಗಡಿಯ ಆಚೆ ಕೊಳ್ಳುವ ಬಹುಪಾಲು ವಸ್ತುಗಳ ರಸೀದಿಯಲ್ಲೂ ಆ ಅರ್ಧ ಸೆಂಟ್ ಸೇರಿದೆ. 2000ದಲ್ಲಿ ಕ್ರೀಡಾಂಗಣ ಎದ್ದು ನಿಂತಿತು, ಆದರೆ ಜನರ ದುಡ್ಡಿನಲ್ಲಿ ಹೊಸ ಮನೆ ಪಡೆದ ಕುಟುಂಬ ಆಟಗಾರರಿಗೆ ಬೆಚ್ಚಗಿನ ಒಂದು ಅಂಗಳ ಕಟ್ಟಿಕೊಡಲು ಇಪ್ಪತ್ತೆರಡು ವರ್ಷ ತೆಗೆದುಕೊಂಡಿತು. ನನ್ನ ಮನಸ್ಸಿಗೆ ಬಹಳ ನೋವು ಕೊಟ್ಟ ಸಂಗತಿ ಇದು.

ಪಾಮರ್ ಮಾತಿನ ಮನುಷ್ಯರಲ್ಲ. ಎಂಟು ವರ್ಷ ಪತ್ರಕರ್ತರ ಮುಂದೆ ಆಡಳಿತವನ್ನು ಬೈದವರಲ್ಲ. ಆಟ ಬಿಟ್ಟ ಮೇಲೆ ಸಂದರ್ಶನವೊಂದರಲ್ಲಿ, ಆ ಸಂಸ್ಥೆ ನಿಜವಾಗಿ ಸೂಪರ್ ಬೌಲ್ (ಲೀಗಿನ ಫೈನಲ್ ಪಂದ್ಯ) ಗೆಲ್ಲಲು ಪ್ರಯತ್ನಿಸುತ್ತಿದೆ ಎಂದು ತಮಗೆ ಎಂದೂ ಅನ್ನಿಸಲಿಲ್ಲ, ಅದಕ್ಕಾಗಿಯೇ ಹೊರಟೆ ಎಂಬ ಅರ್ಥದ ಮಾತು ಹೇಳಿದರು. ಎಂಟು ವರ್ಷದಲ್ಲಿ ಅವರು ಪಡೆದದ್ದು ಎರಡು ಪ್ಲೇಆಫ್ ಪಂದ್ಯ. ಒಂದರಲ್ಲಿ ಮಂಡಿ ಮುರಿಯಿತು, ಇನ್ನೊಂದರಲ್ಲಿ, 2010ರ ಜನವರಿಯಲ್ಲಿ, ಸ್ವಂತ ಅಂಗಳದಲ್ಲೇ ನ್ಯೂಯಾರ್ಕ್ ಜೆಟ್ಸ್ ತಂಡದ ಎದುರು 24-14ರ ಸೋಲು. ಮುಂದಿನ ಸೀಸನ್ನಿನಲ್ಲಿ ಸತತ ಹತ್ತು ಸೋಲು, ಒಟ್ಟು ನಾಲ್ಕೇ ಗೆಲುವು. ಆಗ ಅವರಿಗೆ ಮೂವತ್ತೊಂದು ವರ್ಷ. ಎಸೆಯುವ ತೋಳಿನ ಮೊಣಕೈಗೂ 2008ರಲ್ಲಿ ಪೆಟ್ಟಾಗಿತ್ತು. ಇನ್ನು ನಾಲ್ಕು ವರ್ಷ ಅಲ್ಲೇ ಇದ್ದಿದ್ದರೆ ಅವರ ಆಟದ ಆಯಸ್ಸೇ ಮುಗಿಯುತ್ತಿತ್ತು.

ಮೈಸೂರಿನ ನಿವೃತ್ತ ವಕೀಲ:

ಆ್ಯಂಡರ್ಸನ್ ಅವರ ವಿಷಯ ನನ್ನ ಗಮನಕ್ಕೆ ಬಂದಿರಲಿಲ್ಲ. ತಂಗಿಯವರು ಹೇಳಿದ್ದು ಸರಿ, ಒಪ್ಪಂದದ ಪಾವಿತ್ರ್ಯವನ್ನು ಒಂದೇ ಕಡೆಯವರ ತಲೆಗೆ ಕಟ್ಟಲಾಗದು, ಆ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ.

ಆದರೂ ಗೌರವಪಟ್ಟಿಯ ಪ್ರಶ್ನೆಯಲ್ಲಿ ನನಗೆ ಇನ್ನೂ ಅನುಮಾನವಿದೆ. ಡಿಲನ್ ಕೋಪದಿಂದ ಹೋದರು, ಆದರೆ 2003ರ ಕೊನೆಯ ಪಂದ್ಯದವರೆಗೂ ಆಡಿ ಹೋದರು. ಪಾಮರ್ ಅವರು ಆರೋಗ್ಯವಂತರಾಗಿದ್ದೂ ಆಡಲಿಲ್ಲ. ತಂಡದ ಉಳಿದ ಐವತ್ತು ಚಿಲ್ಲರೆ ಆಟಗಾರರು ಆ ಆಡಳಿತವನ್ನೇ ಸಹಿಸಿಕೊಂಡು ಅಭ್ಯಾಸಕ್ಕೆ ಬರುತ್ತಿದ್ದರು. ಬ್ಯಾಂಕಿನಲ್ಲಿ ಹಣ ಇರುವವರಿಗೆ ಮಾತ್ರ ಸಾಧ್ಯವಾದ ಪ್ರತಿಭಟನೆಯಿದು. ಬಡ ಆಟಗಾರನಿಗೆ ಈ ದಾರಿ ಇರಲಿಲ್ಲ.

ಕೊಲಂಬಸ್ ನಗರದ ಓದುಗಳು:

ಹೌದು, ಇದು ಗಟ್ಟಿಯಾದ ಆಕ್ಷೇಪ. ಇದಕ್ಕೆ ನನ್ನಲ್ಲಿ ಪೂರ್ಣ ಉತ್ತರವಿಲ್ಲ. ಒಂದನ್ನು ಮಾತ್ರ ಹೇಳಬಲ್ಲೆ. ಪಾಮರ್ ಹೊರನಡೆದ ಆ ಚಳಿಗಾಲದಲ್ಲೇ ಹತ್ತು ವರ್ಷದಿಂದ ಇದ್ದ ಆಕ್ರಮಣ ವಿಭಾಗದ ಮುಖ್ಯಸ್ಥ ಬಾಬ್ ಬ್ರಾಟ್ಕೌಸ್ಕಿ ಅವರನ್ನು ಬದಲಿಸಿ ಜೇ ಗ್ರೂಡನ್ ಅವರನ್ನು ತಂದರು. 2011ರಿಂದ 2015ರವರೆಗೆ ಐದು ಸೀಸನ್ ಸತತವಾಗಿ ಪ್ಲೇಆಫ್ ತಲುಪಿದರು. ಐದೂ ಸಲ ಮೊದಲ ಪಂದ್ಯದಲ್ಲೇ ಸೋತರು ಎಂಬುದು ಬೇರೆ ವಿಷಯ. ಉಳಿದ ಐವತ್ತು ಮಂದಿಗೆ ಸಿಕ್ಕ ಬದಲಾವಣೆಯಲ್ಲಿ, ಹೊರಗೆ ಹೋದವರ ಪಾಲೂ ಇದೆ ಎಂದು ನನ್ನ ನಂಬಿಕೆ. ಮೈಕ್ ಬ್ರೌನ್ ಅವರ ಕಿವಿಗೆ ಬೀಳುವಷ್ಟು ದೊಡ್ಡ ದನಿ ಆ ತಂಡದಲ್ಲಿ ಕ್ವಾರ್ಟರ್‌ಬ್ಯಾಕ್‌ಗೆ ಮಾತ್ರ ಇತ್ತು.

ಅಂದ ಹಾಗೆ, ಪಾಮರ್ ಅವರ ಆಟ ರೇಡರ್ಸ್‌ನಲ್ಲೇ ಮುಗಿಯಲಿಲ್ಲ. 2013ರಲ್ಲಿ ಅರಿಜೋನ ಕಾರ್ಡಿನಲ್ಸ್‌ಗೆ ಹೋದರು. 2014ರಲ್ಲಿ ಮತ್ತೆ ಅದೇ ಎಡಮಂಡಿ ಹೋಯಿತು. ಮರುವರ್ಷ, ಮೂವತ್ತಾರರ ಹೊಸಿಲಲ್ಲಿ, 35 ಟಚ್‌ಡೌನ್ ಎಸೆದು ತಂಡಕ್ಕೆ 13 ಗೆಲುವು ತಂದರು, ಪ್ಯಾಕರ್ಸ್ ವಿರುದ್ಧ ತಮ್ಮ ಜೀವನದ ಮೊದಲ ಪ್ಲೇಆಫ್ ಗೆಲುವನ್ನೂ ಕಂಡರು. ಆ ತೋಳಿನಲ್ಲಿ ಎಷ್ಟು ಆಟ ಉಳಿದಿತ್ತು ಎಂಬುದು ಅಂದು ಎಲ್ಲರಿಗೂ ತಿಳಿಯಿತು.

ಓಹಾಯೋ ನಿವಾಸಿ:

ವಕೀಲರ ಆಕ್ಷೇಪವನ್ನು ಎರಡು ದಿನ ಮನಸ್ಸಿನಲ್ಲಿಟ್ಟುಕೊಂಡೆ. ಅದನ್ನು ತಳ್ಳಿಹಾಕಲು ನನ್ನಿಂದಾಗಲಿಲ್ಲ. ಆದರೂ ನನ್ನ ಮತ ಬದಲಾಗಿಲ್ಲ. ಕಾರಣ ಒಂದು ನೆನಪು.

ಆ ಹೊಸಿಲನ್ನು ಪಾಮರ್ ಮತ್ತೆ ತುಳಿಯಬೇಕಾಗಿ ಬಂತು. 2012ರ ನವೆಂಬರ್ 25ರಂದು, ರೇಡರ್ಸ್‌ನ ಅಂಗಿ ತೊಟ್ಟು. ನಾನು ಅಂದೂ ಮೇಲಿನ ಅಂತಸ್ತಿನಲ್ಲಿದ್ದೆ. ಅವರು ಸುರಂಗದಿಂದ ಹೊರಬಂದಾಗ ಕ್ರೀಡಾಂಗಣ ಅವರನ್ನು ಜೋರಾಗಿ ಮೂದಲಿಸಿತು. ಅವರ ಕೈಗೆ ಚೆಂಡು ಬಂದಾಗಲೆಲ್ಲ ಮೂದಲಿಸಿತು. ನಮ್ಮ ತಂಡ 34-10ರಲ್ಲಿ ಗೆದ್ದಿತು, ಸುತ್ತಲಿನವರೆಲ್ಲ ಕುಣಿದರು. ನಾನೂ ಮೊದಲಾರ್ಧದಲ್ಲಿ ಅವರೊಡನೆ ಕೂಗಿದ್ದೇನೆ, ಅದನ್ನು ಮುಚ್ಚಿಡುವುದಿಲ್ಲ. ನಂತರ, ಅವರು ಒಮ್ಮೆ ನೆಲಕ್ಕೆ ಬಿದ್ದು ಏಳುವಾಗ, ಎಡಗಾಲನ್ನು ಮೊದಲು ನೀಡಿ, ಮಂಡಿಯ ಮೇಲೆ ಕೈಯೂರಿ, ಒಂದು ಕ್ಷಣ ನಿಂತು ಮೇಲೆದ್ದರು. ಆ ಮಂಡಿಗೆ ಪೆಟ್ಟು ಬಿದ್ದಿದ್ದು ಸುಮಾರು ಏಳು ವರ್ಷದ ಹಿಂದೆ ಇದೇ ಮೈದಾನದಲ್ಲಿ, ನಮ್ಮ ಅಂಗಿ ತೊಟ್ಟಿದ್ದಾಗ. ಆಮೇಲೆ ನನ್ನ ಬಾಯಿಂದ ಕೂಗು ಹೊರಡಲಿಲ್ಲ.

ಮತಪತ್ರದಲ್ಲಿ ಅವರ ಹೆಸರು ಬಂದ ವರ್ಷ ನಾನು ಅವರಿಗೆ ಮತ ಹಾಕುತ್ತೇನೆ.